ಮೈಯಲ್ಲಿ ಸಿಕ್ಕಿದ್ದು, ಮನಸ್ಸಿನಲ್ಲಿ ಇದ್ದದ್ದು

1987ರ ಸೆಪ್ಟೆಂಬರ್‌ನಲ್ಲಿ ರೋಮ್‌ನಲ್ಲಿ ನಡೆದ ವಿಶ್ವ ಅಥ್ಲೆಟಿಕ್ಸ್ ಚಾಂಪಿಯನ್‌ಷಿಪ್‌ನ ಮಹಿಳೆಯರ 1500 ಮೀಟರ್ ಫೈನಲ್‌ನಲ್ಲಿ ಮೂರನೆಯವರಾಗಿ ಗೆರೆ ದಾಟಿದವರು ಸ್ವಿಟ್ಜರ್ಲೆಂಡಿನ ಸಾಂಡ್ರಾ ಗಾಸರ್. ಸಮಯ 3 ನಿಮಿಷ 59.06 ಸೆಕೆಂಡು. ಅವರಿಗಿಂತ ಮುಂದಿದ್ದವರು ಸೋವಿಯತ್ ಒಕ್ಕೂಟದ ತತ್ಯಾನಾ ಸಮೊಲೆಂಕೊ ಮತ್ತು ಪೂರ್ವ ಜರ್ಮನಿಯ ಹಿಲ್ಡೆಗಾರ್ಡ್ ಕ್ಯೋರ್ನರ್. ಬೆನ್ನಿಗೇ ಬಂದವರು ರುಮೇನಿಯಾದ ದೋಯಿನಾ ಮೆಲಿಂಟೆ. ಆ ಕಾಲದ ಮಧ್ಯಮ ದೂರದ ಓಟವನ್ನು ಬಲ್ಲವರಿಗೆ ಈ ಪಟ್ಟಿಯೇ ಒಂದು ಸುದ್ದಿ. ಪೂರ್ವ ಯುರೋಪಿನ ಸರ್ಕಾರಗಳು ಸಾಕಿ ಬೆಳೆಸಿದ ಓಟಗಾರ್ತಿಯರದೇ ರಾಜ್ಯವಾಗಿದ್ದ ಈ ಸ್ಪರ್ಧೆಯಲ್ಲಿ ಬರ್ನ್ ನಗರದ 25ರ ಯುವತಿಯೊಬ್ಬರು ಕಂಚಿಗೆ ಕೈಹಾಕಿದ್ದರು. ಅದೇ ವರ್ಷದ ಚಳಿಗಾಲದಲ್ಲಿ ಫ್ರಾನ್ಸಿನ ಲಿಯೆವಾಂನಲ್ಲಿ ಯುರೋಪಿಯನ್ ಒಳಾಂಗಣ ಚಾಂಪಿಯನ್‌ಷಿಪ್‌ನ ಚಿನ್ನ ಗೆದ್ದಿದ್ದ ಅವರಿಗೆ ಇದು ಆಕಸ್ಮಿಕವಾಗಿ ದಕ್ಕಿದ ಪದಕವೂ ಅಲ್ಲ.

ಕಂಚು ಕೈಯಲ್ಲಿ ಬಹಳ ದಿನ ಉಳಿಯಲಿಲ್ಲ. ಓಟದ ನಂತರ ಕೊಟ್ಟ ಮೂತ್ರದ ಮಾದರಿಯಲ್ಲಿ ಮೀಥೈಲ್ ಟೆಸ್ಟೊಸ್ಟೆರೋನ್ ಎಂಬ ಸ್ಟೀರಾಯ್ಡಿನ ಕುರುಹು ಸಿಕ್ಕಿತು ಎಂದಿತು ಪ್ರಯೋಗಾಲಯ. ಪದಕ ಮೆಲಿಂಟೆಗೆ ಹೋಯಿತು, ಗಾಸರ್ ಮೇಲೆ ಎರಡು ವರ್ಷ ನಿಷೇಧ ಬಿತ್ತು. ತಾನು ಏನನ್ನೂ ಸೇವಿಸಿಲ್ಲ ಎಂದು ಅವರು ಹೇಳುತ್ತಲೇ ಇದ್ದರು. ಅದೇ ಫೈನಲ್‌ನಲ್ಲಿ ಓಡಿದ್ದ ಇನ್ನೊಬ್ಬ ಸ್ವಿಸ್ ಓಟಗಾರ್ತಿ ಕೊರ್ನೆಲಿಯಾ ಬ್ಯೂರ್ಕಿ ತಮ್ಮ ದೇಶದವಳ ಹೆಸರು ಅಳಿಸಿದ್ದರಿಂದ ಒಂದು ಸ್ಥಾನ ಮೇಲೇರಿ ನಾಲ್ಕನೆಯವರಾದರು. ಅದರಲ್ಲಿ ಸಂಭ್ರಮಪಡುವುದಕ್ಕೇನೂ ಇರಲಿಲ್ಲ.

ಗಾಸರ್ ನಿರಪರಾಧಿ ಎಂದು ಸಾಧಿಸುವುದು ನನ್ನ ಉದ್ದೇಶವಲ್ಲ. ಉದ್ದೀಪನ ಮದ್ದು ಸೇವಿಸಿ ಸಿಕ್ಕಿಬಿದ್ದವರಲ್ಲಿ ಬಹುಪಾಲು ಮಂದಿ ಮೊದಲು ಹೇಳುವ ಮಾತೂ ಅದೇ: ನಾನೇನೂ ತಗೊಂಡಿಲ್ಲ. ನನ್ನ ತಕರಾರು ಬೇರೆ. ಆಕೆ ಬೇಕೆಂದೇ ತೆಗೆದುಕೊಂಡರೋ, ಯಾರಾದರೂ ಕೊಟ್ಟರೋ, ಅರಿಯದೆ ಸೇರಿತೋ ಎಂಬ ಪ್ರಶ್ನೆಗೆ ಅಂದಿನ ನಿಯಮದಲ್ಲಿ ಜಾಗವೇ ಇರಲಿಲ್ಲ. ಮೈಯಲ್ಲಿ ಸಿಕ್ಕಿತೇ? ಸಿಕ್ಕಿದ್ದರೆ ಮುಗಿಯಿತು, ಎರಡು ವರ್ಷ ಮನೆಗೆ. ಓಟದ ಫಲಿತಾಂಶವನ್ನು ಅಳಿಸುವುದಕ್ಕೆ ಈ ತರ್ಕ ಸಾಕು ಎಂದು ನಾನು ಒಪ್ಪುತ್ತೇನೆ. ಮನುಷ್ಯರಿಗೆ ಶಿಕ್ಷೆ ಕೊಡುವುದಕ್ಕೆ ಸಾಲದು ಎನ್ನುವುದು ನನ್ನ ವಾದ. ಈ ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿದ್ದು ಕ್ರೀಡಾಲೋಕ ಮಾಡಿದ ದೊಡ್ಡ ತಪ್ಪು, ಅದನ್ನು ಬಿಚ್ಚುವ ಕೆಲಸ ಇನ್ನೂ ಪೂರ್ತಿಯಾಗಿಲ್ಲ.

ರೋಮ್‌ನ ಆ ಕೂಟವನ್ನೇ ಇನ್ನೊಮ್ಮೆ ನೋಡಬೇಕು. ಪುರುಷರ 100 ಮೀಟರ್ ಓಟದಲ್ಲಿ ಬೆನ್ ಜಾನ್ಸನ್ 9.83 ಸೆಕೆಂಡಿನ ವಿಶ್ವದಾಖಲೆ ಬರೆದದ್ದು ಅಲ್ಲೇ. ಅಲ್ಲಿ ಅವರ ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ. ಮರುವರ್ಷ ಸೋಲ್ ಒಲಿಂಪಿಕ್ಸ್‌ನಲ್ಲಿ ಸಿಕ್ಕಿಬಿದ್ದು, 1989ರಲ್ಲಿ ಕೆನಡಾದ ವಿಚಾರಣಾ ಆಯೋಗದ ಮುಂದೆ ವರ್ಷಗಳಿಂದ ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿದ್ದುದನ್ನು ಸ್ವತಃ ಒಪ್ಪಿಕೊಂಡ ಮೇಲೆಯೇ ರೋಮ್‌ನ ದಾಖಲೆ ಅಳಿಸಿಹೋದದ್ದು. ಅದೇ ಕ್ರೀಡಾಂಗಣದಲ್ಲಿ ಇಟಲಿಯ ಜೊವಾನಿ ಎವಾಂಜೆಲಿಸ್ತಿ ಉದ್ದ ಜಿಗಿತದಲ್ಲಿ ಕಂಚು ಗೆದ್ದರು. ಆ ಜಿಗಿತದ ಅಳತೆಯನ್ನು ಆತಿಥೇಯ ದೇಶದ ಅಧಿಕಾರಿಗಳೇ ಮೊದಲೇ ಗೊತ್ತುಮಾಡಿಟ್ಟಿದ್ದರು ಎಂಬುದು ಆಮೇಲೆ ಬಯಲಾಗಿ ಪದಕ ವಾಪಸು ಹೋಯಿತು. ಬೇಲಿಯೇ ಎದ್ದು ಹೊಲ ಮೇಯುತ್ತಿದ್ದ ಕೂಟ ಅದು. ಪೂರ್ವ ಜರ್ಮನಿಯ ಸರ್ಕಾರವೇ ಯೋಜನೆ ಹಾಕಿ ಕ್ರೀಡಾಪಟುಗಳಿಗೆ ಮದ್ದು ಕೊಡಿಸುತ್ತಿತ್ತು ಎಂಬುದು ದಾಖಲೆ ಸಮೇತ ಹೊರಬಂದದ್ದು ಬರ್ಲಿನ್ ಗೋಡೆ ಬಿದ್ದ ಮೇಲೆ. ಇನ್ನು, ರೋಮ್‌ನಲ್ಲಿ ಚಿನ್ನ ಗೆದ್ದ ಸಮೊಲೆಂಕೊ, ಮುಂದೆ ದೊರೊವ್‌ಸ್ಕಿಖ್ ಎಂಬ ಹೆಸರಿನಲ್ಲಿ ಓಡುತ್ತಿದ್ದಾಗ, 1993ರಲ್ಲಿ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರು. ಹಾಗೆಂದು ರೋಮ್‌ನ ಅವರ ಓಟವೂ ಕೊಳಕು ಎಂದು ಯಾರೂ ಸಾಧಿಸಿಲ್ಲ, ಅವರ ಚಿನ್ನ ಇಂದಿಗೂ ದಾಖಲೆಯಲ್ಲಿದೆ. ಅವರು ತಪ್ಪು ಮಾಡಿದ್ದರೆಂದು ಗಾಸರ್ ಮಾಡಿದ್ದು ಸರಿಯಾಗುವುದೂ ಇಲ್ಲ. ಪ್ರಯೋಗಾಲಯದ ಒಂದು ಹಾಳೆ ಸತ್ಯದ ಕೊನೆಯ ಮಾತು ಎಂಬ ಭರವಸೆಗೆ ಅಂದು ಎಷ್ಟು ಆಧಾರವಿತ್ತು ಎಂದು ಕೇಳುವುದಕ್ಕಷ್ಟೇ ಇದನ್ನೆಲ್ಲ ನೆನಪಿಸಿದೆ.

ಗಾಸರ್ ಸುಮ್ಮನಾಗಲಿಲ್ಲ. ಆಕೆಯ ಪರ ತಜ್ಞರು ‘ಎ’ ಮತ್ತು ‘ಬಿ’ ಮಾದರಿಗಳನ್ನು ಹೋಲಿಸಿ, ಎರಡರಲ್ಲೂ ಕಾಣುವ ದೇಹಸಹಜ ಸ್ಟೀರಾಯ್ಡ್‌ಗಳ ಪ್ರಮಾಣ ಒಂದಕ್ಕೊಂದು ತಾಳೆಯಾಗುತ್ತಿಲ್ಲ ಎಂದರು. ಒಬ್ಬರದೇ ಮೂತ್ರವನ್ನು ಎರಡು ಸೀಸೆಗೆ ಹಾಕಿದ್ದರೆ ಎರಡೂ ಒಂದೇ ಕಥೆ ಹೇಳಬೇಕಲ್ಲ? ಅಂತರರಾಷ್ಟ್ರೀಯ ಅಥ್ಲೆಟಿಕ್ಸ್ ಫೆಡರೇಷನ್ನಿನ ಪಂಚಾಯ್ತಿ ಸಮಿತಿ ಈ ವಾದವನ್ನು ಒಪ್ಪಲಿಲ್ಲ. ಈ ನಡುವೆ 1987ರ ಡಿಸೆಂಬರ್‌ನಲ್ಲಿ ಬರ್ನ್‌ನ ನ್ಯಾಯಾಲಯವೊಂದು ಸ್ವಿಸ್ ಕಾನೂನು ವಿದ್ಯಾರ್ಥಿಗಳು ಇಂದಿಗೂ ಓದುವ ಒಂದು ಗೆರೆ ಎಳೆಯಿತು. ಚೆಂಡು ಗೆರೆಯ ಆಚೆ ಬಿತ್ತೇ, ಕಾಲು ಹಲಗೆ ದಾಟಿತೇ ಎನ್ನುವುದು ಆಟದ ನಿಯಮ. ಅದನ್ನು ಅಂಪೈರ್ ನೋಡಿಕೊಳ್ಳಲಿ. ಒಬ್ಬರನ್ನು ವರ್ಷಗಟ್ಟಲೆ ಓಡದಂತೆ ತಡೆಯುವುದು ಆಟದ ನಿಯಮವಲ್ಲ, ವ್ಯಕ್ತಿಯ ಹಕ್ಕಿಗೆ ಕೈಹಾಕುವ ಕೆಲಸ. ಅದನ್ನು ನ್ಯಾಯಾಲಯ ಪರಿಶೀಲಿಸಬಹುದು. ಇಡೀ ಪ್ರಕರಣದಲ್ಲಿ ನನಗೆ ಅತ್ಯಂತ ವಿವೇಕದ ಮಾತು ಅನಿಸುವುದು ಇದೇ.

ಆದರೆ ಪಂದ್ಯಾವಳಿಗಳ ಬಾಗಿಲಿನ ಕೀಲಿಕೈ ಇದ್ದದ್ದು ಅಂದು ಲಂಡನ್ನಿನಲ್ಲಿ ನೆಲೆಸಿದ್ದ ಅಂತರರಾಷ್ಟ್ರೀಯ ಫೆಡರೇಷನ್ನಿನ ಕೈಯಲ್ಲಿ. ಗಾಸರ್ ಅಲ್ಲಿಗೇ ಹೋಗಿ ಇಂಗ್ಲೆಂಡಿನ ಹೈಕೋರ್ಟಿನಲ್ಲಿ ದಾವೆ ಹೂಡಿದರು. 1988ರ ಜೂನ್‌ನಲ್ಲಿ ತೀರ್ಪು ಕೊಟ್ಟವರು ನ್ಯಾಯಮೂರ್ತಿ ರಿಚರ್ಡ್ ಸ್ಕಾಟ್. ಮುಂದೆ ಇರಾಕಿಗೆ ಶಸ್ತ್ರಾಸ್ತ್ರ ಮಾರಾಟವಾದ ಹಗರಣದ ವಿಚಾರಣೆ ನಡೆಸಿ, 1996ರ ವರದಿಯಿಂದ ಬ್ರಿಟಿಷ್ ಸರ್ಕಾರಕ್ಕೆ ಬೆವರಿಳಿಸಿದ ಅದೇ ಸ್ಕಾಟ್. ಅಧಿಕಾರಕ್ಕೆ ಹೆದರುವ ನ್ಯಾಯಾಧೀಶರಲ್ಲ ಅವರು. ಅಥ್ಲೆಟಿಕ್ಸ್ ಹವ್ಯಾಸಿಗಳ ಆಟ, ಇಲ್ಲಿ ಜೀವನೋಪಾಯದ ಪ್ರಶ್ನೆಯೇ ಬರುವುದಿಲ್ಲ ಎಂಬ ಫೆಡರೇಷನ್ನಿನ ವಾದವನ್ನು ಅವರು ತಳ್ಳಿಹಾಕಿದರು. ನಿಷೇಧದಿಂದ ದುಡಿಮೆಗೆ ಅಡ್ಡಿಯಾಗುತ್ತದೆ, ಆದ್ದರಿಂದ ಆ ಅಡ್ಡಿ ನ್ಯಾಯಸಮ್ಮತವೇ ಎಂದು ನೋಡಲೇಬೇಕು ಎಂದರು. ನೋಡಿದರು. ನೋಡಿ, ನ್ಯಾಯಸಮ್ಮತ ಎಂದುಬಿಟ್ಟರು.

ಸ್ಕಾಟ್ ಕೊಟ್ಟ ಕಾರಣ ಸರಳವಾದದ್ದು, ಗಟ್ಟಿಯಾದದ್ದೂ ಹೌದು. ‘ನನಗೆ ಗೊತ್ತಿಲ್ಲದೆ ಆಯಿತು’ ಎಂಬ ಸಮಜಾಯಿಷಿಗೆ ಒಮ್ಮೆ ಬಾಗಿಲು ತೆರೆದರೆ ಎಲ್ಲರೂ ಅದೇ ಬಾಗಿಲಲ್ಲಿ ನುಗ್ಗುತ್ತಾರೆ. ಯಾರು ನಿಜ ಹೇಳುತ್ತಿದ್ದಾರೆ, ಯಾರು ಸುಳ್ಳು ಎಂದು ಬಿಡಿಸಿ ನೋಡಲು ಫೆಡರೇಷನ್ನಿಗೆ ಆಗುವುದಿಲ್ಲ. ಮದ್ದಿನ ವಿರುದ್ಧದ ಹೋರಾಟವೇ ನಿಂತುಹೋಗುತ್ತದೆ. ಹಾಗಾಗಿ ಒಬ್ಬಿಬ್ಬರು ನಿರಪರಾಧಿಗಳು ನೊಂದರೂ ನಿಯಮ ಇರಲಿ. ಇದೇ ದಾರಿಯಲ್ಲಿ 1990ರ ದಶಕದ ನಡುವೆ ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿ (ಸಿಎಎಸ್) ಇನ್ನೊಂದು ಮಾತು ಸೇರಿಸಿತು. ಓಟದ ಹಿಂದಿನ ದಿನ ಜ್ವರ ಬರುವುದು, ಊಟ ಕೆಟ್ಟು ಹೊಟ್ಟೆ ನೋಯುವುದು ಕೂಡ ಅನ್ಯಾಯವೇ. ಆ ಅನ್ಯಾಯಗಳನ್ನು ಕ್ರೀಡಾಪಟು ಸಹಿಸಿಕೊಳ್ಳುತ್ತಾರಲ್ಲ, ಇದೂ ಹಾಗೆಯೇ ಎಂಬರ್ಥದ ಮಾತು ಅದು.

ಮಂಡಳಿಯ ಮಾತನ್ನೇ ಮೊದಲು ತೆಗೆದುಕೊಳ್ಳೋಣ. ಜ್ವರ ಬಂದು ಪದಕ ತಪ್ಪಿದವರನ್ನು ಜನ ಅಯ್ಯೋ ಪಾಪ ಎನ್ನುತ್ತಾರೆ. ಮದ್ದಿನ ಹೆಸರಿನಲ್ಲಿ ಪದಕ ಹೋದವರನ್ನು ಕಳ್ಳಿ ಎನ್ನುತ್ತಾರೆ. ಜ್ವರ ನಾಲ್ಕು ದಿನಕ್ಕೆ ಇಳಿಯುತ್ತದೆ, ಈ ಹೆಸರು ಇಳಿಯುವುದಿಲ್ಲ. ಕಳಂಕವೇ ಇಲ್ಲದ ದುರದೃಷ್ಟವನ್ನೂ ಕಳಂಕವನ್ನೂ ಒಂದೇ ತಕ್ಕಡಿಯಲ್ಲಿ ಇಟ್ಟದ್ದು ಹೇಗೆ ಸರಿ?

ಸ್ಕಾಟ್ ಅವರ ವಾದಕ್ಕೆ ಉತ್ತರ ಕಷ್ಟ. ಅದಕ್ಕೆ ನಮ್ಮ ನೆಲದ್ದೇ ಒಂದು ತೀರ್ಪು ನೆರವಾಗುತ್ತದೆ. 1985ರ ಡಿಸೆಂಬರ್‌ನಲ್ಲಿ ದೆಹಲಿಯ ಶ್ರೀರಾಮ್ ಕಾರ್ಖಾನೆಯಿಂದ ಓಲಿಯಂ ಅನಿಲ ಸೋರಿತು. ಎಂ.ಸಿ. ಮೆಹ್ತಾ ಹೂಡಿದ ಪ್ರಕರಣದಲ್ಲಿ ಮುಖ್ಯ ನ್ಯಾಯಮೂರ್ತಿ ಪಿ.ಎನ್. ಭಗವತಿ ಅವರಿದ್ದ ಸುಪ್ರೀಂ ಕೋರ್ಟಿನ ಪೀಠ 1986ರ ಡಿಸೆಂಬರ್‌ನಲ್ಲಿ, ಅಂದರೆ ಗಾಸರ್ ಪ್ರಕರಣಕ್ಕೆ ಒಂದು ವರ್ಷಕ್ಕೂ ಕಡಿಮೆ ಅವಧಿ ಮೊದಲು, ಹೀಗೆ ಹೇಳಿತ್ತು: ಅಪಾಯಕಾರಿ ಉದ್ಯಮ ನಡೆಸುವವರು, ತಮ್ಮ ತಪ್ಪು ಇರಲಿ ಬಿಡಲಿ, ಆದ ಹಾನಿಗೆ ಪೂರ್ತಿ ಹೊಣೆ. ತಪ್ಪನ್ನು ಕೇಳದೆ ಹೊಣೆ ಹೊರಿಸುವ ತತ್ವ ಇದು, ಗಾಸರ್ ಮೇಲೆ ಬಿದ್ದದ್ದೂ ಇದೇ. ಮೇಲ್ನೋಟಕ್ಕೆ ಇಷ್ಟು ಹೋಲುವ ಎರಡು ನಿಯಮಗಳ ನಡುವೆ ಎಷ್ಟು ಅಂತರ ಇದೆ ನೋಡಿ. ಕಾರ್ಖಾನೆಯ ಮೇಲೆ ಈ ಹೊಣೆ ಬಿದ್ದದ್ದು ಯಾಕೆ? ಅಪಾಯ ಎಲ್ಲಿದೆ ಎಂದು ಕಂಡುಹಿಡಿಯುವ ಸಾಧನ ಅವರ ಕೈಯಲ್ಲಿದೆ, ಲಾಭ ಅವರದು, ಕಟ್ಟಬೇಕಾದ ಪರಿಹಾರದ ಹಣವನ್ನು ಭರಿಸುವ ಶಕ್ತಿಯೂ ಅವರದೇ. ಅಲ್ಲೂ ಹೊಣೆ ಎಂದರೆ ಪರಿಹಾರದ ಹಣ. ಜೈಲಿಗೆ ಹಾಕಬೇಕಾದರೆ ತಪ್ಪನ್ನು ಬೇರೆಯಾಗಿ ಸಾಬೀತು ಮಾಡಲೇಬೇಕು.

ಕ್ರೀಡೆ ಇದನ್ನು ತಲೆಕೆಳಗು ಮಾಡಿತು. ಪ್ರಯೋಗಾಲಯ ಫೆಡರೇಷನ್ನಿನ ಪರ. ವಕೀಲರು ಅವರ ಕಡೆ. ನಿಯಮ ಬರೆದವರೂ ಅವರೇ. ತಪ್ಪಿದ್ದರೂ ಇಲ್ಲದಿದ್ದರೂ ಹೊಣೆ ಮಾತ್ರ ಸ್ಟೇಡಿಯಂನಲ್ಲಿ ಎಲ್ಲರಿಗಿಂತ ಕಡಿಮೆ ಸಾಧನ ಇರುವ ವ್ಯಕ್ತಿಯ ತಲೆಗೆ. ಅದೂ ಪರಿಹಾರದ ರೂಪದಲ್ಲಲ್ಲ, ಶಿಕ್ಷೆಯ ರೂಪದಲ್ಲಿ.

ಹಾಗಾದರೆ ಮೆಲಿಂಟೆಯ ಗತಿ ಏನು ಎಂದು ಕೇಳಬಹುದು. ಕೇಳಲೇಬೇಕು. ಆಕೆ ವೇದಿಕೆಯ ಮೇಲೆ ನಿಲ್ಲುವ ಗಳಿಗೆ ಕಳೆದುಕೊಂಡರು, ಕಂಚು ಆಮೇಲೆ ಬಂತು. ಪಕ್ಕದವರ ದೇಹದಲ್ಲಿ ಸ್ಟೀರಾಯ್ಡ್ ಇತ್ತು ಎಂದಾದರೆ, ಅದು ಹೇಗೆ ಬಂತು ಎನ್ನುವುದು ನಾಲ್ಕನೆಯವರಿಗೆ ಬೇಕಿಲ್ಲ. ಓಟ ಸಮಾನವಾಗಿ ನಡೆಯಲಿಲ್ಲ, ಅಷ್ಟೇ. ಅದಕ್ಕಾಗಿಯೇ ಫಲಿತಾಂಶ ಅಳಿಸುವುದನ್ನು ನಾನು ಒಪ್ಪುತ್ತೇನೆ, ತಪ್ಪನ್ನು ಕೇಳದೆಯೇ. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ರುಮೇನಿಯಾದ ಜಿಮ್ನಾಸ್ಟ್ ಆಂಡ್ರಿಯಾ ರದುಕಾನ್ ತಂಡದ ವೈದ್ಯರು ಕೊಟ್ಟ ಶೀತದ ಮಾತ್ರೆಯಿಂದ ಚಿನ್ನ ಕಳೆದುಕೊಂಡರು. ಆಕೆಯನ್ನು ನಿಷೇಧಿಸಲಿಲ್ಲ. ಪದಕ ಹಿಂದಕ್ಕೆ ಹೋಯಿತು, ಹುಡುಗಿ ಮತ್ತೆ ಸ್ಪರ್ಧಿಸಿದಳು. ಕ್ರೂರ ಅನಿಸಿದರೂ ಆ ತೀರ್ಪಿನಲ್ಲಿ ಒಂದು ವಿವೇಕ ಇತ್ತು. 2002ರ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಸ್ಕಾಟ್ಲೆಂಡಿನ ಸ್ಕೀ ಪಟು ಆಲನ್ ಬ್ಯಾಕ್ಸ್ಟರ್ ಅಮೆರಿಕದಲ್ಲಿ ಕೊಂಡ ವಿಕ್ಸ್ ಇನ್‌ಹೇಲರ್ ಮೂಗಿಗೆ ಹಿಡಿದರು. ಅದರೊಳಗಿನ ಅಂಶ ಬ್ರಿಟನ್ನಿನಲ್ಲಿ ಸಿಗುವುದಕ್ಕಿಂತ ಬೇರೆಯಾಗಿತ್ತು, ಕಂಚು ಹೋಯಿತು. ಅವರಿಗೆ ಮೋಸದ ಉದ್ದೇಶ ಇರಲಿಲ್ಲ ಎಂದು ಮಂಡಳಿ ಒಪ್ಪಿಕೊಂಡಿತು. ಆದರೂ ಪದಕ ಮರಳಲಿಲ್ಲ. ಮರಳಬೇಕಿತ್ತು ಎಂದು ನಾನು ಹೇಳಲಾರೆ.

ನಿಷೇಧದ ಲೆಕ್ಕ ಬೇರೆ. ಗುಮಾಸ್ತರಿಗೆ ಎರಡು ವರ್ಷ ಅಮಾನತು ಎಂದರೆ ಮೂವತ್ತೈದು ವರ್ಷದ ನೌಕರಿಯಲ್ಲಿ ಎರಡು ವರ್ಷ. 1500 ಮೀಟರ್ ಓಡುವವರ ಮೈಗೆ ಉತ್ತುಂಗದ ಕಾಲ ಸಿಗುವುದೇ ನಾಲ್ಕೈದು ವರ್ಷ. ಗಾಸರ್ ನಿಷೇಧದಲ್ಲಿ ಕಳೆದ ಅವಧಿಯೊಳಗೆ 1988ರ ಸೋಲ್ ಒಲಿಂಪಿಕ್ಸ್ ಬಂದು ಹೋಯಿತು. 26ನೇ ವಯಸ್ಸಿನ ಒಲಿಂಪಿಕ್ಸ್ ಯಾರಿಗೂ ಎರಡನೇ ಸಲ ಬರುವುದಿಲ್ಲ. 1989ರಲ್ಲಿ ನಿಷೇಧ ಮುಗಿದು, 1990ರಲ್ಲಿ ಯುಗೊಸ್ಲಾವಿಯಾದ ಸ್ಪ್ಲಿಟ್‌ನಲ್ಲಿ ನಡೆದ ಯುರೋಪಿಯನ್ ಚಾಂಪಿಯನ್‌ಷಿಪ್‌ನ 1500 ಮೀಟರ್‌ನಲ್ಲಿ ಗಾಸರ್ ಮತ್ತೆ ಮೂರನೆಯವರಾದರು. ಈ ಕಂಚು ಉಳಿಯಿತು. ಶಿಕ್ಷೆ ಮುಗಿಸಿ ಬಂದು, ಪ್ರತಿ ಓಟದ ನಂತರವೂ ಸಂಶಯದ ಕಣ್ಣುಗಳ ನಡುವೆ ಸೀಸೆ ತುಂಬಿಸಿ ಕೊಟ್ಟು ಗೆದ್ದ ಪದಕ ಅದು. ಅವರ ವೃತ್ತಿಯ ಬಗ್ಗೆ ಬರೆಯುವವರು ರೋಮ್‌ಗೆ ಪುಟಗಟ್ಟಲೆ ಕೊಟ್ಟು ಸ್ಪ್ಲಿಟ್‌ಗೆ ಒಂದು ಸಾಲು ಕೊಡುತ್ತಾರೆ. ಈ ಲೇಖನವೂ ಅದಕ್ಕೆ ಹೊರತಲ್ಲ ಎನ್ನುವುದು ಬರೆಯುತ್ತಿರುವಾಗಲೇ ಕಾಣುತ್ತಿದೆ.

ಸ್ಕಾಟ್ ಹೆದರಿದ ಬಾಗಿಲು ಮುಂದೆ ತೆರೆಯಿತು. 1999ರಲ್ಲಿ ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ ‘ವಾಡಾ’ ಹುಟ್ಟಿತು. 2004ರಿಂದ ಜಾರಿಗೆ ಬಂದ ಅದರ ಸಂಹಿತೆಯಲ್ಲಿ ‘ತನ್ನ ಯಾವ ತಪ್ಪೂ ಇಲ್ಲ’ ಎಂದು ತೋರಿಸಿದವರಿಗೆ ನಿಷೇಧವಿಲ್ಲ, ‘ಗಂಭೀರ ತಪ್ಪಿಲ್ಲ’ ಎಂದು ತೋರಿಸಿದವರಿಗೆ ಕಡಿತ ಎಂಬ ಕಲಮುಗಳು ಸೇರಿದವು. ಅದರಿಂದ ಪ್ರಳಯವೇನೂ ಆಗಲಿಲ್ಲ. ಪರೀಕ್ಷೆಗಳು ನಿಲ್ಲಲಿಲ್ಲ. ಬೇಕೆಂದೇ ಮದ್ದು ತೆಗೆದುಕೊಂಡವರಿಗೆ 2015ರಿಂದ ನಾಲ್ಕು ವರ್ಷದ ನಿಷೇಧ ಬಂತು, ಅಂದರೆ ಗಾಸರ್‌ಗೆ ಸಿಕ್ಕಿದ್ದರ ಎರಡು ಪಟ್ಟು. ಉದ್ದೇಶವನ್ನು ಕೇಳಿದರೆ ವ್ಯವಸ್ಥೆ ಕುಸಿಯುತ್ತದೆ ಎಂಬ ಭವಿಷ್ಯವಾಣಿ ಸುಳ್ಳಾಯಿತು. ಉದ್ದೇಶವನ್ನು ಕೇಳಿದ ಮೇಲೆಯೇ ವ್ಯವಸ್ಥೆ ಮೋಸಗಾರರ ಮೇಲೆ ಇನ್ನಷ್ಟು ಬಿಗಿಯಾಗಲು ಸಾಧ್ಯವಾಯಿತು.

ಆದರೆ ಹೊಸ ಕಲಮಿನಲ್ಲಿ ಒಂದು ಮುಳ್ಳು ಉಳಿದಿದೆ. ತಪ್ಪಿಲ್ಲ ಎಂದು ಸಾಬೀತು ಮಾಡಬೇಕಾದವರು ಕ್ರೀಡಾಪಟುವೇ. ಸಾಮಾನ್ಯವಾಗಿ ಆ ಅಂಶ ದೇಹದೊಳಗೆ ಹೇಗೆ ಬಂತು ಎಂದೂ ಅವರೇ ತೋರಿಸಬೇಕು. ಅದಕ್ಕೆ ತಜ್ಞರು ಬೇಕು, ವಕೀಲರು ಬೇಕು, ಹಣ ಬೇಕು. ನಾರ್ವೆಯ ಸ್ಕೀ ಪಟು ತೆರೇಸ್ ಯೊಹಾಗ್ ತುಟಿಗೆ ಹಚ್ಚಿದ ಮುಲಾಮಿನಲ್ಲಿ ಕ್ಲೊಸ್ಟೆಬಾಲ್ ಎಂಬ ಸ್ಟೀರಾಯ್ಡ್ ಇತ್ತು, ಕೊಟ್ಟವರು ತಂಡದ ವೈದ್ಯರು. ಆಕೆಗೆ 18 ತಿಂಗಳ ನಿಷೇಧವಾಯಿತು, 2018ರ ಒಲಿಂಪಿಕ್ಸ್ ತಪ್ಪಿತು. ಟೆನಿಸ್ ಆಟಗಾರ ಯಾನಿಕ್ ಸಿನ್ನರ್ ಮೈಯಲ್ಲಿ ಅದೇ ಕ್ಲೊಸ್ಟೆಬಾಲ್ ಸಿಕ್ಕಿತು, ಫಿಸಿಯೊ ಕೈಯಿಂದ ತಗುಲಿತು ಎಂಬ ವಿವರಣೆಯನ್ನು 2024ರಲ್ಲಿ ಟೆನಿಸ್‌ನ ಸ್ವತಂತ್ರ ನ್ಯಾಯಮಂಡಳಿ ಒಪ್ಪಿತು, ವಾಡಾ ಮೇಲ್ಮನವಿ ಹಾಕಿ, 2025ರಲ್ಲಿ ಮೂರು ತಿಂಗಳ ನಿಷೇಧಕ್ಕೆ ರಾಜಿಯಾಯಿತು. ಎರಡೂ ಪ್ರಕರಣಗಳ ವಿವರಗಳು ಒಂದೇ ಅಲ್ಲ, ಸಿನ್ನರ್ ಮೋಸ ಮಾಡಿದರೆಂದು ಯಾರೂ ಹೇಳಿಲ್ಲ. ಆದರೂ ವಿಶ್ವದ ಅಗ್ರ ಸಾಲಿನ ಆಟಗಾರ ಕೆಲವೇ ದಿನಗಳಲ್ಲಿ ಕಟ್ಟಿಕೊಳ್ಳಬಲ್ಲ ವಕೀಲರ ಪಡೆಯನ್ನು ಬೇರೆಯವರು ವರ್ಷ ಕಳೆದರೂ ಕಟ್ಟಲಾರರು.

ಬೇರೆಯವರು ಅಂದರೆ ಯಾರು? ಉಡುಪಿ ಜಿಲ್ಲೆಯ ಸಿದ್ದಾಪುರದ ಕಡೆಯ ಅಶ್ವಿನಿ ಅಕ್ಕುಂಜಿ. 2010ರಲ್ಲಿ ದೆಹಲಿ ಕಾಮನ್‌ವೆಲ್ತ್ ಕೂಟದ ರಿಲೇ ಚಿನ್ನ, ಗುವಾಂಗ್‌ಝೌ ಏಷ್ಯನ್ ಕೂಟದಲ್ಲಿ 400 ಮೀಟರ್ ಹರ್ಡಲ್ಸ್ ಚಿನ್ನ, ಮತ್ತೆ ರಿಲೇ ಚಿನ್ನ. ಮರುವರ್ಷವೇ ರಾಷ್ಟ್ರೀಯ ಶಿಬಿರದಲ್ಲಿದ್ದ ಓಟಗಾರ್ತಿಯರ ಮಾದರಿಗಳಲ್ಲಿ ಸ್ಟೀರಾಯ್ಡ್ ಸಿಕ್ಕಿತು. ವಿದೇಶಿ ತರಬೇತುದಾರರು ತಂದುಕೊಟ್ಟ ಜಿನ್‌ಸೆಂಗ್‌ನಲ್ಲಿ ಅದು ಬೆರೆತಿತ್ತು ಎಂದು ಅವರು ವಾದಿಸಿದರು. ಭಾರತದ ಶಿಸ್ತು ಸಮಿತಿ ಆ ಮಾತಿಗೆ ಬೆಲೆ ಕೊಟ್ಟು 2011ರ ಕೊನೆಯಲ್ಲಿ ಒಂದು ವರ್ಷದ ನಿಷೇಧ ಹಾಕಿತು. 2012ರಲ್ಲಿ ಕ್ರೀಡಾ ನ್ಯಾಯಮಂಡಳಿ ಅಶ್ವಿನಿ ಸೇರಿ ಆರು ಮಂದಿಗೆ ಅದನ್ನು ಎರಡು ವರ್ಷಕ್ಕೆ ಏರಿಸಿತು. ಪುಡಿಯನ್ನೋ ಮಾತ್ರೆಯನ್ನೋ ನುಂಗುವ ಮೊದಲು ತಾವೇ ವಿಚಾರಿಸಬೇಕಿತ್ತು ಎಂಬುದು ಅದರ ನಿಲುವು. ಲಂಡನ್ ಒಲಿಂಪಿಕ್ಸ್ ಅವರಿಲ್ಲದೆ ನಡೆಯಿತು.

ವಿಚಾರಿಸಬೇಕಿತ್ತು, ನಿಜ. ಯಾರನ್ನು? ಭಾರತದ ಶಿಬಿರದಲ್ಲಿ ಏನು ಉಣ್ಣಬೇಕು, ಎಷ್ಟು ಹೊತ್ತಿಗೆ ಏಳಬೇಕು, ಯಾವ ಔಷಧ ಎಷ್ಟು ಚಮಚ ಎಂದು ನಿರ್ಧರಿಸುವವರು ತರಬೇತುದಾರರು. ಅವರ ಮಾತು ಮೀರಿದ ಓಟಗಾರ್ತಿ ರಿಲೇ ತಂಡದಿಂದ ಹೊರಬೀಳುತ್ತಾಳೆ. ಕೇಂದ್ರ ಸರ್ಕಾರ ನಿವೃತ್ತ ನ್ಯಾಯಮೂರ್ತಿ ಮುಕುಲ್ ಮುದ್ಗಲ್ ಅವರಿಂದ ವಿಚಾರಣೆ ಮಾಡಿಸಿತು, ತರಬೇತುದಾರರನ್ನು ಕೆಲಸದಿಂದ ತೆಗೆದಿತ್ತು. ಆದರೆ ವಯಸ್ಸಿನ ಎರಡು ವರ್ಷ ಕಳೆದುಕೊಂಡವರು ಓಟಗಾರ್ತಿಯರು ಮಾತ್ರ.

ಗಾಸರ್‌ಗೆ ತನ್ನ ಮನಸ್ಸಿನಲ್ಲಿ ಏನಿತ್ತು ಎಂದು ಹೇಳುವ ಅವಕಾಶವೇ ಇರಲಿಲ್ಲ. ಅಶ್ವಿನಿಗೆ ಅವಕಾಶ ಇತ್ತು, ಆದರೆ ಸಾಬೀತು ಮಾಡುವ ಭಾರ ಅವರ ಹೆಗಲ ಮೇಲೇ ಇತ್ತು. ಇಪ್ಪತ್ತನಾಲ್ಕು ವರ್ಷದಲ್ಲಿ ಕ್ರೀಡಾ ಕಾನೂನು ನಡೆದದ್ದು ಅಷ್ಟೇ ದೂರ. ಮುಂದಿನ ಹೆಜ್ಜೆ ಯಾವುದೆಂದು ಊಹಿಸುವುದು ಕಷ್ಟವಲ್ಲ. ಮಾದರಿಯಲ್ಲಿ ಸಿಕ್ಕಿದ್ದಕ್ಕೆ ಫಲಿತಾಂಶ ತಾನಾಗಿ ಅಳಿಯಲಿ. ನಿಷೇಧ ಹಾಕಬೇಕಾದರೆ ಅಜಾಗರೂಕತೆಯನ್ನಾದರೂ ಫೆಡರೇಷನ್ ತೋರಿಸಲಿ, ಹಣವಿಲ್ಲದ ಆರೋಪಿಗೆ ತಜ್ಞರ ಖರ್ಚನ್ನು ಅದೇ ಕೊಡಲಿ. ಸರ್ಕಾರಿ ಶಿಬಿರದಲ್ಲಿ ಬಡಿಸಿದ ಪ್ರತಿಯೊಂದು ಪುಡಿ, ಮಾತ್ರೆ, ಟಾನಿಕ್ಕಿನ ಒಂದಿಷ್ಟನ್ನು ಸೀಲು ಮಾಡಿ, ಕೊಟ್ಟವರ ಸಹಿಯೊಂದಿಗೆ ಎತ್ತಿಡುವ ಪದ್ಧತಿ ಬರಲಿ. ಆ ಸಹಿ ಇಲ್ಲದ ವಸ್ತುವಿನಿಂದ ಮದ್ದು ಸೇರಿದ್ದರೆ ಮೊದಲ ನೋಟಿಸು ಹೋಗಬೇಕಾದದ್ದು ಶಿಬಿರದ ಮುಖ್ಯಸ್ಥರಿಗೆ.